ನೀಲಿ ಚುಕ್ಕೆ

ಮಾರ್ಚ್ ಹನ್ನೊಂದರ ಬೆಳಗ್ಗೆ ಠಾಣೆಗೆ ಬಂದ ಹೆಂಗಸು ಬೆಂಚಿನ ಮೇಲೆ ಕೂರಲಿಲ್ಲ. ನೀರು ಕೊಟ್ಟರೆ ಕುಡಿಯಲಿಲ್ಲ. ಹೊಲಿಗೆಯ ಅಳತೆ ಟೇಪು ಕೊರಳಲ್ಲಿ ಹಾಗೇ ಜೋತುಬಿದ್ದಿತ್ತು. ಎರಡು ದಿನದ ಹಿಂದೆ ಮಗನನ್ನು ಕಳೆದುಕೊಂಡವಳಿಗೆ ಅದನ್ನು ತೆಗೆದಿಡುವ ನೆನಪಾದರೂ ಎಲ್ಲಿರಬೇಕು?

ಇನ್ಸ್‌ಪೆಕ್ಟರ್ ತನ್ನ ಕೋಣೆಯಿಂದ ಎದ್ದು ಬಂದಳು.

"ಯಾರ ಮೇಲಮ್ಮ ದೂರು?"

"ಇವರ ಮೇಲೆ."

ಹೊಲಿಗೆಯವಳು ಬೆರಳು ಮಾಡಿದ ಕಡೆ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಕೂತು ಬರೆಯುತ್ತಿದ್ದ. ಅವನ ಪೆನ್ನು ನಿಂತಿತು.

ಇಡೀ ಠಾಣೆ ಅವನನ್ನು ಮೇಷ್ಟ್ರು ಎಂದೇ ಕರೆಯುತ್ತಿತ್ತು. ಪಂಚನಾಮೆಯಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಹಾಳೆ ಹರಿದುಹಾಕಿ ಹೊಸದಾಗಿ ಬರೆಸುವ ಆಸಾಮಿ. ನಿವೃತ್ತಿ ಹತ್ತಿರ ಬಂದಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ಒಂದೂ ಮೆಮೊ ಪಡೆದವನಲ್ಲ, ಯಾರಿಗೂ ಕೈ ಮಾಡಿದವನಲ್ಲ. ಇಂಥವನ ಮೇಲೆ ಇವನದೇ ಠಾಣೆಯಲ್ಲಿ ದೂರು.

"ಏನು ಮಾಡಿದ್ರು ಹೇಳಿ."

"ನನ್ನ ಮಗನಿಗೆ ಏನೋ ಚುಚ್ಚಿದ್ರು. ಚುಚ್ಚೋ ತನಕ ಉಸಿರಿತ್ತು. ಆಮೇಲೆ ಇರ್ಲಿಲ್ಲ."

"ನಿಮ್ಮ ಮಗ ಮೊದಲೇ ಏನಾದ್ರೂ..."

"ಗೊತ್ತು. ನನ್ನ ಮಗ ಪುಡಿ ತಗೋತಿದ್ದ. ಅದನ್ನ ನೀವೆಲ್ಲ ನನಗೆ ಹೇಳಿಕೊಡ್ಬೇಡಿ." ಹೊಲಿಗೆಯವಳ ದನಿ ಏರಲಿಲ್ಲ. "ಗೊರಗೊರ ಅಂತಾದ್ರೂ ಉಸಿರಾಡ್ತಿದ್ದ. ನಾನೇ ನಿಮಗೆ ಫೋನ್ ಮಾಡಿ ಕರೆಸಿದೆ. ನಾನೇ ಬಾಗಿಲು ತೆಗೆದೆ."

ಇನ್ಸ್‌ಪೆಕ್ಟರ್ ಮೇಷ್ಟ್ರ ಕಡೆ ತಿರುಗಿದಳು. "ಎದ್ದು ಹೊರಗೆ ಹೋಗಿ. ಎಫ್‌ಐಆರ್ ಬೇರೆಯವರು ಬರೀತಾರೆ."

ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿ, ಕುರ್ಚಿಯನ್ನು ಸದ್ದಿಲ್ಲದೆ ಹಿಂದೆ ಸರಿಸಿ ಹೊರಗೆ ಹೋದ. ನಿರ್ಲಕ್ಷ್ಯದಿಂದ ಸಾವು ಎಂದು ಪ್ರಕರಣ ದಾಖಲಾಯಿತು. ಬರೆದ ಹುಡುಗಿ ಹೊಸಬಳು. ಅಲ್ಲಲ್ಲಿ ಒತ್ತಕ್ಷರ ತಪ್ಪು ಬರೆದಿದ್ದಳು. ತಿದ್ದುವವನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ.

ಕೆಲವು ತಿಂಗಳಿಂದ ಊರಿಗೆ ಹೊಸ ಸರಕು ಬರುತ್ತಿತ್ತು. ಹಳೆಯ ಪುಡಿಯ ಹಾಗೇ ಬೆಳ್ಳಗಿನ ಬಣ್ಣ, ಆದರೆ ಚಿಟಿಕೆಯಷ್ಟು ಹೆಚ್ಚಾದರೆ ಉಸಿರಾಟವೇ ಮರೆತುಹೋಗುತ್ತದೆ. ತುಟಿ ನೀಲಿಯಾಗುತ್ತದೆ, ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗುತ್ತದೆ, ಗೊರಕೆಯಂಥ ಸದ್ದು ಕೇಳಿ ಮನೆಯವರು ನಿದ್ದೆ ಮಾಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಬಸ್ ನಿಲ್ದಾಣದ ಶೌಚಾಲಯದಲ್ಲೊಬ್ಬ, ಗ್ಯಾರೇಜಿನ ಹಿಂದೊಬ್ಬ ಹೀಗೇ ಹೋಗಿದ್ದರು. ಮಾರುವವರನ್ನು ಹಿಡಿಯುವ ಕೆಲಸ ಬೇರೊಂದು ತಂಡದ್ದು. ಅದು ಆಮೆಯ ಹಾಗೆ ಸಾಗುತ್ತಿತ್ತು. ಅಷ್ಟರಲ್ಲಿ ಆರೋಗ್ಯ ಇಲಾಖೆಯೂ ಪೊಲೀಸ್ ಇಲಾಖೆಯೂ ಸೇರಿ ಒಂದು ಯೋಜನೆ ಮಾಡಿದ್ದವು. ಗಸ್ತಿನ ಪ್ರತಿ ಜೀಪಿನಲ್ಲೂ ಒಂದು ಹಳದಿ ಪೆಟ್ಟಿಗೆ. ಅದರೊಳಗೆ ಉಸಿರು ಮರಳಿಸುವ ಇಂಜೆಕ್ಷನ್, ಎರಡು ಪುಟ್ಟ ಗಾಜಿನ ಸೀಸೆ. ಆಂಬುಲೆನ್ಸ್ ಬರುವ ಮೊದಲು ಜೀಪು ತಲುಪಿದರೆ ಪೊಲೀಸರೇ ಚುಚ್ಚಬೇಕು.

ಪೊಲೀಸರಿಗೆ ಸೂಜಿ ಹಿಡಿಯುವ ಕೆಲಸ ಎಂದಾಗ ಠಾಣೆಯಲ್ಲಿ ನಗೆಯೋ ನಗೆ. ತರಬೇತಿಗೆ ಹೋಗಲು ಒಬ್ಬರೂ ಕೈ ಎತ್ತಲಿಲ್ಲ. ಎತ್ತಿದವನು ಮೇಷ್ಟ್ರು ಒಬ್ಬನೇ. ಕಿತ್ತಳೆ ಹಣ್ಣಿಗೆ ಚುಚ್ಚಿ ಚುಚ್ಚಿ ಅಭ್ಯಾಸ ಮಾಡಿ, ಆಮೇಲೆ ಆ ಹಣ್ಣನ್ನು ಯಾರಿಗೂ ತಿನ್ನಲು ಬಿಡದೆ ಎಸೆದು ಬಂದಿದ್ದ.

ಮಧ್ಯಾಹ್ನ ಇನ್ಸ್‌ಪೆಕ್ಟರ್ ಅವನನ್ನು ಕೋಣೆಗೆ ಕರೆದಳು. ಕೂರಿಸಲಿಲ್ಲ.

"ಒಂಬತ್ತನೇ ತಾರೀಕು. ಎಷ್ಟು ಹೊತ್ತಿಗೆ ತಲುಪಿದ್ರಿ?"

"ಸಂಜೆ ಐದೂ ಕಾಲು ಮೇಡಂ."

"ಪೆಟ್ಟಿಗೆ ಸೀಲು?"

"ಅಲ್ಲೇ ಕಿತ್ತೆ. ಅವನ ತಾಯಿ ನೋಡ್ತಿದ್ರು."

"ಎಷ್ಟು ಚುಚ್ಚಿದ್ರಿ?"

"ಎರಡೂ. ಒಂದಕ್ಕೆ ಏಳ್ಲಿಲ್ಲ ಅಂತ ಇನ್ನೊಂದು. ಆಮೇಲೆ ಬಾಯಿಗೆ ಬಾಯಿಟ್ಟು ಊದಿದೆ. ಆಂಬುಲೆನ್ಸ್ ಬರೋವರೆಗೂ ಊದಿದೆ."

"ಖಾಲಿ ಸೀಸೆ ಎಲ್ಲಿ?"

"ಹತ್ತನೇ ತಾರೀಕು ಬೆಳಗ್ಗೆ ಆಸ್ಪತ್ರೆ ಸ್ಟೋರಿಗೆ ವಾಪಸ್ ಕೊಟ್ಟೆ. ಖಾಲಿ ಕೊಟ್ರೇನೇ ಹೊಸದು ಕೊಡೋದು ಅವರು."

ಇನ್ಸ್‌ಪೆಕ್ಟರಿಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಸತ್ತ ಜಾಗದಲ್ಲಿ ಒಂದು ಬೆಂಕಿಕಡ್ಡಿ ಸಿಕ್ಕರೂ ಕಾಗದದಲ್ಲಿ ಸುತ್ತಿ ಮೊಹರು ಹಾಕುವ ಮನುಷ್ಯ, ಆಸ್ಪತ್ರೆಯ ನಿಯಮವನ್ನು ಅಕ್ಷರಶಃ ಪಾಲಿಸಿ ಸಾಕ್ಷ್ಯವನ್ನೇ ಕೈಯಾರೆ ಒಪ್ಪಿಸಿ ಬಂದಿದ್ದ. ಎರಡು ಇಲಾಖೆಯ ನಿಯಮಗಳನ್ನೂ ಒಟ್ಟಿಗೆ ಪಾಲಿಸಲು ಹೊರಟವನು ಮಾತ್ರ ಮಾಡಬಹುದಾದ ತಪ್ಪು ಅದು.

"ಕೈ ತೋರಿಸಿ," ಎಂದಳು.

ಮೇಷ್ಟ್ರು ಎಡಗೈ ಚಾಚಿದ.

"ಅದಲ್ಲ. ಹಿಂದೆ ಇಟ್ಕೊಂಡಿದೀರಲ್ಲ, ಅದು."

ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಬಟ್ಟೆಯ ಮೇಲೆ ಕಂದುಬಣ್ಣದ ಕಲೆ.

"ಸೀಸೆ ಒಡೀಬೇಕಾದ್ರೆ ಕುಯ್ದುಕೊಂಡಿತು ಮೇಡಂ. ಚುಕ್ಕೆ ಮೇಲೆ ಒತ್ತಿದ್ರೆ ಟಕ್ ಅಂತ ಮುರೀಬೇಕು. ತರಬೇತೀಲಿ ಹತ್ತು ಸಲ ಮುರಿದಿದ್ದೆ. ಅವತ್ತು ಎರಡರ ಕೊರಳೂ ಪುಡಿಪುಡಿ ಆಯ್ತು." ಅವನು ನೆಲ ನೋಡಿದ. "ಕೈ ನಡುಗಿರಬೇಕು. ಅರ್ಧ ಔಷಧಿ ಚೆಲ್ಲಿತೋ ಏನೋ. ಆ ಹೆಂಗಸು ಹೇಳ್ತಿರೋದರಲ್ಲಿ ತಪ್ಪಿಲ್ಲ ಮೇಡಂ."

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಎರಡು ದಿನದಿಂದ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಟ್ಟುಕೊಂಡೇ ಓಡಾಡಿದ್ದ. ಇನ್ಸ್‌ಪೆಕ್ಟರಿಗೆ ಅವನ ಮೇಲೆ ಸಿಟ್ಟು ಬಂತು. ಅವನ ಮಾತನ್ನು ಹೇಳಿಕೆಯಲ್ಲಿ ಬರೆಸಿದರೆ ಅವನ ಕತೆ ಅಲ್ಲಿಗೆ ಮುಗಿಯುತ್ತದೆ. ನೌಕರಿ, ಪಿಂಚಣಿ, ಮರ್ಯಾದೆ, ಮೂರೂ.

ಆದರೆ ಎರಡು ಸೀಸೆಯ ಕೊರಳೂ ಪುಡಿಯಾದದ್ದು ಅವಳ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಅಂದೇ ಸಂಜೆ ಇಬ್ಬರು ಪಂಚರೊಂದಿಗೆ ಸ್ಥಳ ಪಂಚನಾಮೆ ನಡೆಯಿತು. ಒಂದೇ ಕೋಣೆಯ ಮನೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಸೂಜಿಯ ಕೆಳಗೆ ಅರ್ಧ ಹೊಲಿದ ಯಾರದೋ ಶಾಲೆಯ ಸಮವಸ್ತ್ರ. ಯಂತ್ರಕ್ಕೂ ಗೋಡೆಗೂ ನಡುವೆ ಚಾಪೆ ಹಾಸುವಷ್ಟು ಜಾಗ. ಮಗ ಸತ್ತದ್ದು ಅಲ್ಲೇ. ಅಂದಿನಿಂದ ಕಸ ಗುಡಿಸಿರಲಿಲ್ಲ. ದಾರದ ತುಂಡು, ಬಟ್ಟೆಯ ಚೂರು, ಸತ್ತವನ ಒಂದು ಚಪ್ಪಲಿ.

"ನಾನು ನೋಡ್ತಾನೇ ಇದ್ದೆ," ಎಂದಳು ಹೊಲಿಗೆಯವಳು ಬಾಗಿಲಲ್ಲೇ ನಿಂತು. "ಸೀಸೆ ಸರಿಯಾಗಿ ಒಡೀಲೇ ಇಲ್ಲ. ಅವರ ಕೈಯಿಂದ ರಕ್ತ ಸುರೀತಿತ್ತು. ಆ ರಕ್ತದ ಕೈಲೇ ಚುಚ್ಚಿದ್ರು."

ಯಂತ್ರದ ಪೆಡಲಿನ ಅಡಿಯಲ್ಲಿ, ದಾರದ ಉಂಡೆಯೊಳಗೆ ಸಿಕ್ಕಿಕೊಂಡು, ಸೀಸೆಯ ಮುರಿದ ತಲೆಯೊಂದು ದೊರೆಯಿತು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಅಂಚೆಲ್ಲ ಗರಗಸದ ಹಲ್ಲು. ಒಂದು ಬದಿಯಲ್ಲಿ ನೀಲಿ ಚುಕ್ಕೆ. ಸ್ಟೋರಿನವರು ಕೇಳುವುದು ಸೀಸೆಯ ಒಡಲನ್ನು ಮಾತ್ರ; ತಲೆಯ ಚಿಂತೆ ಯಾರಿಗೂ ಇಲ್ಲ. ಇನ್ಸ್‌ಪೆಕ್ಟರ್ ಅದನ್ನು ಚಿಮಟದಲ್ಲಿ ಹಿಡಿದು ಬೆಳಕಿಗೆ ಎತ್ತಿದಳು. ಚುಕ್ಕೆಯ ಅರ್ಧ ಎದ್ದುಹೋಗಿತ್ತು, ಸಿಪ್ಪೆ ಸುಲಿದ ಹಾಗೆ.

ಅವಳು ತನ್ನ ಕಿರುಬೆರಳನ್ನು ನೋಡಿಕೊಂಡಳು. ಹೋದ ವಾರದ ರಜೆಯಲ್ಲಿ ಅಕ್ಕನ ಮಗಳು ಬೇಡವೆಂದರೂ ಕೇಳದೆ ಹಚ್ಚಿದ ಬಣ್ಣ ಉಗುರಿನ ತುದಿಯಲ್ಲಿ ಇನ್ನೂ ಇತ್ತು. ಅದೂ ಹೀಗೇ ಎದ್ದಿತ್ತು.

"ಜೀಪು ತೆಗಿ," ಎಂದಳು ಡ್ರೈವರಿಗೆ. "ಆಸ್ಪತ್ರೆಗಲ್ಲ. ಮೊದಲು ಠಾಣೆಗೆ. ಎರಡನೇ ಜೀಪಿನ ಪೆಟ್ಟಿಗೆ ಯಾರೂ ಮುಟ್ಟಬಾರದು ಅಂತ ವೈರ್‌ಲೆಸ್‌ನಲ್ಲಿ ಹೇಳು."

ಎರಡನೇ ಜೀಪಿನ ಪೆಟ್ಟಿಗೆಯ ಸೀಲು ಹಾಗೇ ಇತ್ತು. ಪಂಚರ ಎದುರು ಅದನ್ನು ಬಿಚ್ಚಿದರು. ಮುಚ್ಚಳದ ಒಳಗೆ ಚಿತ್ರ: ನೀಲಿ ಚುಕ್ಕೆಯ ಮೇಲೆ ಹೆಬ್ಬೆರಳು. ವ್ಯಸನಮುಕ್ತಿ ಕೇಂದ್ರದ ಡಾಕ್ಟರನ್ನು ಕರೆಸಲಾಗಿತ್ತು. ತರಬೇತಿ ಕೊಟ್ಟವನು ಅವನೇ. ಹತ್ತಿಯನ್ನು ಉಗುರುಬಣ್ಣ ಅಳಿಸುವ ದ್ರಾವಣದಲ್ಲಿ ಅದ್ದಿ ಸೀಸೆಯ ಕೊರಳನ್ನು ಒರೆಸಿದ. ಹತ್ತಿ ನೀಲಿಯಾಯಿತು. ಗಾಜು ಬೋಳಾಯಿತು.

ಡಾಕ್ಟರು ತನ್ನ ಚೀಲದಿಂದ ಇನ್ನೊಂದು ಸೀಸೆ ತೆಗೆದು ಅದನ್ನೂ ಒರೆಸಿದ. ಆ ಚುಕ್ಕೆ ಅಲುಗಲಿಲ್ಲ.

"ಅಸಲಿ ಚುಕ್ಕೆ ಗಾಜಿನ ಜೊತೇಲೇ ಸುಟ್ಟಿರುತ್ತೆ," ಎಂದ. "ಅಲ್ಲಿ ಗಾಜನ್ನ ಮೊದಲೇ ಗೀರಿರ್ತಾರೆ. ಅದಕ್ಕೇ ಟಕ್ ಅಂತ ಮುರಿಯೋದು. ಇದು ಬಟ್ಟಿ ಇಳಿಸಿದ ನೀರಿನ ಸೀಸೆ. ಇದನ್ನ ಒಡೀಬೇಕು ಅಂದ್ರೆ ಸಣ್ಣ ಅರದಿಂದ ಉಜ್ಜಬೇಕು. ಅಸಲಿ ಸೀಸೆಯ ಲೇಬಲ್ ಯಾರೋ ಬಿಸಿನೀರಲ್ಲಿ ಬಿಡಿಸಿ ತಂದು ಇದಕ್ಕೆ ಅಂಟಿಸಿದ್ದಾರೆ."

"ಅಂದ್ರೆ ಮೇಷ್ಟ್ರು ಆ ಹುಡುಗನಿಗೆ ಚುಚ್ಚಿದ್ದು..."

"ನೀರು ಮೇಡಂ."

ಊರೆಲ್ಲ ಸುತ್ತುವ ಜೀಪುಗಳಲ್ಲಿ ಹಳದಿ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ನೀರು. ಈ ಕ್ಷಣದಲ್ಲಿ ಯಾವ ಮನೆಯ ಚಾಪೆಯ ಮೇಲೆ ಯಾರ ತುಟಿ ನೀಲಿಯಾಗುತ್ತಿದೆಯೋ ಯಾರಿಗೆ ಗೊತ್ತು. ಪೆಟ್ಟಿಗೆಯನ್ನು ನಂಬಬೇಡಿ ಎಂಬ ಸಂದೇಶ ಎಲ್ಲ ಠಾಣೆಗಳಿಗೂ ಹೋಯಿತು.

ಡಾಕ್ಟರು ಹೊರಡುವ ಮೊದಲು ಬಾಗಿಲಲ್ಲಿ ನಿಂತ. "ಇನ್ನೊಂದು ಮಾತು. ನಮ್ಮ ಕೇಂದ್ರದ ಗೇಟಲ್ಲಿ ನಿಮ್ಮ ಪೊಲೀಸಿಗೆ ಅಂತ ಹಾಕಿಸಿದೀರಲ್ಲ, ಆ ಕುರ್ಚಿ."

"ಅದು ಬಂದೋಬಸ್ತು. ಮಾರೋರು ಅಲ್ಲೇ ಸುಳಿದಾಡ್ತಾರೆ ಡಾಕ್ಟ್ರೇ."

"ಒಳಗೆ ಬರೋರ ಹೆಸರು, ಮನೆ, ಎಲ್ಲ ಬರ್ಕೊಳ್ತಾನೆ ನಿಮ್ಮ ಕಾನ್‌ಸ್ಟೆಬಲ್. ಬರೋರು ಅರ್ಧಕ್ಕರ್ಧ ಕಡಿಮೆ ಆಗಿದ್ದಾರೆ. ಮಾರೋರಿಗೆ ಊರೆಲ್ಲ ಜಾಗ ಇದೆ ಮೇಡಂ. ಬಿಡಬೇಕು ಅನ್ನೋರಿಗೆ ಇದೊಂದೇ."

"ಈಗ ಅದರ ಮಾತು ಬೇಡ," ಎಂದಳು ಇನ್ಸ್‌ಪೆಕ್ಟರ್.

ಮರುದಿನ ಬೆಳಗ್ಗೆ ಆಸ್ಪತ್ರೆಯ ಔಷಧ ಸ್ಟೋರಿನಲ್ಲಿ ಶೋಧ. ನೆಲಮಾಳಿಗೆಯ ಉದ್ದನೆಯ ಕೋಣೆ. ಕಬ್ಬಿಣದ ಕಪಾಟುಗಳು, ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ, ಮೇಲೆ ಮಿಣುಕುವ ಟ್ಯೂಬ್‌ಲೈಟು. ಬೀಗದ ಕೈ ಒಬ್ಬನ ಬಳಿ ಮಾತ್ರ. ಹದಿನೆಂಟು ವರ್ಷದಿಂದ ಅಲ್ಲಿ ಫಾರ್ಮಸಿಸ್ಟ್ ಆಗಿದ್ದ ಸಣಕಲು ಮನುಷ್ಯ, ಅಂಗಿಯ ಕೊರಳ ಗುಂಡಿಯನ್ನೂ ಬಿಡದೆ ಹಾಕಿಕೊಂಡವನು.

"ಹಳದಿ ಪೆಟ್ಟಿಗೆ ತುಂಬೋದು ಯಾರು?"

"ನಾನೇ. ಆದ್ರೆ ಸೀಸೆ ಕಂಪನಿಯಿಂದ ಹೇಗೆ ಬರುತ್ತೋ ಹಾಗೇ ಇಡ್ತೀನಿ."

"ನಮ್ಮವರು ವಾಪಸ್ ಕೊಟ್ಟ ಖಾಲಿ ಸೀಸೆ?"

"ಅವತ್ತೇ ಸುಡೋಕೆ ಹೋಯ್ತು ಮೇಡಂ."

"ಹತ್ತನೇ ತಾರೀಕೇ?"

"ಹೌದು."

ಇನ್ಸ್‌ಪೆಕ್ಟರ್ ಬರುವ ದಾರಿಯಲ್ಲಿ ಹಿತ್ತಲಿನ ಕಸದ ಗಾಡಿಯವನನ್ನು ಕೇಳಿಯೇ ಬಂದಿದ್ದಳು. ಗಾಡಿ ಕೆಟ್ಟು ವಾರವಾಗಿತ್ತು. ಕೆಂಪು ಡಬ್ಬಿಗಳು ತುಂಬಿ ಹಿತ್ತಲಲ್ಲೇ ಬಿದ್ದಿದ್ದವು. ಅವಳು ಅದನ್ನು ಹೇಳಲಿಲ್ಲ. ಸುಳ್ಳು ಹೇಳಿದವನು ಅದರ ಮೇಲೆ ನೆಮ್ಮದಿಯಾಗಿ ಕೂತುಕೊಳ್ಳಲಿ ಎಂದು ಬಿಟ್ಟಳು.

ಜೊತೆಗೆ ಬಂದಿದ್ದ ಕೇಂದ್ರದ ಡಾಕ್ಟರು ವಾರ್ಡಿಗೆ ಹೋಗುವ ಸೀಸೆಗಳನ್ನು ಒಂದೊಂದಾಗಿ ಒರೆಸುತ್ತಿದ್ದ. ಎಲ್ಲವೂ ಅಸಲಿ. ಪೊಲೀಸರಿಗೆಂದು ಕಟ್ಟಿಟ್ಟ ಪೆಟ್ಟಿಗೆಗಳಲ್ಲಿ ಮಾತ್ರ ಹತ್ತಿ ನೀಲಿಯಾಗುತ್ತಿತ್ತು. ಕಂಪನಿಯ ತಪ್ಪಾದರೆ ಪೊಲೀಸರ ಪೆಟ್ಟಿಗೆಯನ್ನೇ ಹುಡುಕಿಕೊಂಡು ಬರುತ್ತಿತ್ತೇ?

ಆಗ ಫಾರ್ಮಸಿಸ್ಟ್ ಜೇಬಿನಿಂದ ಮೊಬೈಲ್ ತೆಗೆದ. ನಂಬರ್ ಒತ್ತಿ ಕಿವಿಗಿಟ್ಟುಕೊಂಡ. ಎರಡು ಕ್ಷಣ. ಒಂದು ಮಾತೂ ಆಡದೆ ವಾಪಸ್ ಜೇಬಿಗೆ ಹಾಕಿದ.

"ಯಾರಿಗೆ?"

"ಲೈನ್ ಸಿಗ್ಲಿಲ್ಲ ಮೇಡಂ."

"ಮನೇಲಿ ಯಾರ್ಯಾರಿದೀರಿ?"

"ನಾನೊಬ್ಬನೇ. ಹೆಂಡತಿ ಹೋಗಿ ಐದು ವರ್ಷ. ಮಗಳು ಬೇರೆ ಊರಲ್ಲಿ, ಹಾಸ್ಟೆಲ್‌ನಲ್ಲಿ ಓದ್ತಿದಾಳೆ."

ಕಪಾಟುಗಳ ಪಟ್ಟಿ ಮುಗಿಯುವ ಮೊದಲು ಅವನು ಮತ್ತೆ ಅದೇ ಕೆಲಸ ಮಾಡಿದ. ಒತ್ತಿದ, ಕಿವಿಗಿಟ್ಟ, ಇಳಿಸಿದ. ಈ ಸಲ ಅವನ ಭುಜ ಒಂದಿಷ್ಟು ಸಡಿಲವಾದದ್ದನ್ನು ಇನ್ಸ್‌ಪೆಕ್ಟರ್ ಕಂಡಳು. ಸಿಗದ ಲೈನಿಗೆ ಯಾರ ಜೀವವೂ ಹಾಗೆ ಹಗುರಾಗುವುದಿಲ್ಲ.

"ಮೊಬೈಲ್ ಕೊಡಿ."

ಒಂದೇ ನಂಬರಿಗೆ ಕರೆ, ಬೆಳಗ್ಗೆಯಿಂದ, ನಿನ್ನೆಯಿಂದ, ಮೊನ್ನೆಯಿಂದ. ಪ್ರತಿಯೊಂದನ್ನೂ ಆ ಕಡೆಯವರು ಕಟ್ ಮಾಡಿದ್ದರು. ಒಂದರಲ್ಲೂ ಮಾತಿಲ್ಲ. ನಂಬರಿನ ಮೇಲೆ 'ಮನೆ' ಎಂದಿತ್ತು.

"ಮನೇಲಿ ಯಾರೂ ಇಲ್ಲ ಅಂದ್ರಿ. ಕಟ್ ಮಾಡ್ತಿರೋದು ಯಾರು?"

ಫಾರ್ಮಸಿಸ್ಟ್ ಮೊಬೈಲಿಗಾಗಿ ಕೈ ಚಾಚಿದ. ವಿಚಾರಣೆಗೆಂದು ಅವನನ್ನು ಠಾಣೆಗೆ ಕರೆತಂದರು. ಹಿತ್ತಲಿನ ಡಬ್ಬಿಗಳನ್ನೂ ಜಪ್ತಿ ಮಾಡಲಾಯಿತು. ಮೂರನೆಯದರ ತಳದಲ್ಲಿ ಕೊರಳು ಪುಡಿಯಾದ ಎರಡು ಸೀಸೆಗಳು, ಒಂದರ ಲೇಬಲ್ ಮೇಲೆ ಮೇಷ್ಟ್ರ ಹೆಬ್ಬೆರಳಿನ ರಕ್ತ.

ಠಾಣೆಯ ಕೋಣೆಯಲ್ಲಿ ಮೊಬೈಲು ಮೇಜಿನ ನಡುವೆ ಇತ್ತು. ಅವನು ಪ್ರಶ್ನೆ ಕೇಳುವವಳ ಮುಖ ನೋಡುತ್ತಿರಲಿಲ್ಲ. ಗೋಡೆಯ ಗಡಿಯಾರ, ಮೊಬೈಲು, ಮತ್ತೆ ಗಡಿಯಾರ. ಹಣೆಯ ಬೆವರು ಕಣ್ಣಿಗಿಳಿದರೂ ಒರೆಸಲಿಲ್ಲ.

"ಖಾಲಿ ಸೀಸೆ ಸುಟ್ಟಿದ್ದಾಯ್ತು ಅಂದ್ರಿ. ನಮಗೆ ಸಿಕ್ಕಿದೆ."

ಅವನ ಕಣ್ಣು ಮತ್ತೆ ಗಡಿಯಾರಕ್ಕೆ ಹೋಯಿತು.

"ಅಸಲಿ ಔಷಧಿ ಯಾರಿಗೆ ಮಾರಿದ್ರಿ?"

"ಮಾರಿಲ್ಲ."

"ಮತ್ತೆ?"

"ಮೇಡಂ, ಒಂದೇ ಒಂದು ಕಾಲ್. ನಿಮ್ಮ ಕಾಲಿಗೆ ಬೀಳ್ತೀನಿ."

ಇನ್ಸ್‌ಪೆಕ್ಟರ್ ಕ್ಷಣ ಯೋಚಿಸಿ, ತಾನೇ ನಂಬರ್ ಒತ್ತಿ ಸ್ಪೀಕರ್ ಹಾಕಿದಳು. ರಿಂಗಾಯಿತು. ಮತ್ತೆ ರಿಂಗಾಯಿತು. ಫಾರ್ಮಸಿಸ್ಟ್ ಮೇಜಿನ ಅಂಚನ್ನು ಹಿಡಿದುಕೊಂಡ. ರಿಂಗು ನಿಲ್ಲಲೇ ಇಲ್ಲ. ಕೊನೆಗೆ ತಾನಾಗಿಯೇ ಸತ್ತುಹೋಯಿತು. ಅವಳು ಇನ್ನೊಮ್ಮೆ ಒತ್ತಿದಳು. ಕೋಣೆಯ ತುಂಬ ಆ ಸದ್ದು, ಅದನ್ನು ಕಟ್ ಮಾಡುವ ಬೆರಳು ಎಲ್ಲೂ ಇಲ್ಲ.

"ಮೊದಲು ಮನೆಗೆ ಹೋಗೋಣ," ಎಂದ ಅವನು. "ಮಗಳು ಹಾಸ್ಟೆಲ್‌ನಲ್ಲಿಲ್ಲ. ಮನೇಲೇ ಇದಾಳೆ. ಬದುಕಿದ್ರೆ ಕಟ್ ಮಾಡು ಅಂತ ಹೇಳಿದೀನಿ. ಆಮೇಲೆ ನೀವು ಏನು ಬೇಕಾದ್ರೂ ಬರ್ಕೊಳ್ಳಿ, ನಾನು ಸಹಿ ಹಾಕ್ತೀನಿ. ಮೊದಲು ಮನೆಗೆ."

ಇನ್ಸ್‌ಪೆಕ್ಟರ್ ಹೊರಗೆ ಬಂದಳು. ಮೇಷ್ಟ್ರು ಮೆಟ್ಟಿಲ ಮೇಲೆ ಕೂತಿದ್ದ.

"ಏಳಿ. ಜೀಪು ಹತ್ತಿ."

"ನಾನು ಬೇಡ ಮೇಡಂ. ನನ್ನ ಮೇಲೆ ಕೇಸಿದೆ. ಬೇರೆ ಯಾರನ್ನಾದ್ರೂ..."

"ಬೇರೆ ಯಾರಿಗೆ ಬರುತ್ತೆ?"

ಆಂಬುಲೆನ್ಸಿಗೆ ಹೇಳಿದ್ದಾಯಿತು, ಅದು ಊರ ಇನ್ನೊಂದು ತುದಿಯಲ್ಲಿತ್ತು. ಜೀಪು ತಲುಪಿದ್ದು ಮೊದಲು. ಮಹಡಿಯ ಮೇಲಿನ ಎರಡು ಕೋಣೆಯ ಮನೆ, ಹಗಲಲ್ಲೂ ಕಿಟಕಿಗಳೆಲ್ಲ ಮುಚ್ಚಿದ್ದವು. ಬಾಗಿಲಿಗೆ ಹೊರಗಿನಿಂದ ಬೀಗ. ಫಾರ್ಮಸಿಸ್ಟನ ಕೈಯಿಂದ ಬೀಗದ ಕೈ ಕಸಿದು ಡ್ರೈವರು ಬಾಗಿಲು ತೆಗೆದ.

ಹುಡುಗಿ ಬಚ್ಚಲ ಬಾಗಿಲಲ್ಲಿ ಗೋಡೆಗೊರಗಿ ಕೂತ ಹಾಗೆ ಬಿದ್ದಿದ್ದಳು. ಇಪ್ಪತ್ತು ದಾಟಿರಲಿಕ್ಕಿಲ್ಲ. ಮೊಬೈಲು ತೊಡೆಯ ಮೇಲಿತ್ತು. ಕಾಲಿನ ಉಗುರುಗಳಿಗೆ ನೀಲಿ ಬಣ್ಣ; ತುಟಿಗೂ ಅದೇ ಬಣ್ಣ ಬರುತ್ತಿತ್ತು. ಗೊರಕೆ ಇರಲಿಲ್ಲ. ಮೇಷ್ಟ್ರು ಮಂಡಿಯೂರಿ ಅವಳನ್ನು ಮಲಗಿಸಿ ಗಲ್ಲ ಎತ್ತಿ ಉಸಿರು ಊದತೊಡಗಿದ.

ಅಪ್ಪ ಅಡುಗೆಮನೆಗೆ ಓಡಿದ. ಹಿಟ್ಟಿನ ಡಬ್ಬಿಯೊಳಗಿಂದ ಪ್ಲಾಸ್ಟಿಕ್ ಪೆಟ್ಟಿಗೆ ತೆಗೆದ. ಪೊಲೀಸ್ ಜೀಪುಗಳಿಗೆ ಸೇರಬೇಕಾಗಿದ್ದ ಸೀಸೆಗಳೆಲ್ಲ ಅಲ್ಲಿದ್ದವು. ಒಂದನ್ನು ಮುರಿಯಲು ಹೋದ. ಬೆರಳು ನಿಲ್ಲಲಿಲ್ಲ, ಸೀಸೆ ಕೈ ಜಾರಿ ನೆಲಕ್ಕೆ ಬಿದ್ದು ಉರುಳಿತು. ನಾಲ್ಕು ಸಲ ಇದೇ ಕೈಯಿಂದ ಅವಳನ್ನು ಉಳಿಸಿಕೊಂಡಿದ್ದವನು ಈಗ ಎರಡೂ ಕೈ ಚಾಚಿ ಸುಮ್ಮನೆ ನಿಂತುಬಿಟ್ಟ.

ಮೇಷ್ಟ್ರು ಅವನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡ. ಇನ್ಸ್‌ಪೆಕ್ಟರ್ ಉಸಿರು ಊದಲು ಕೂತಳು. ಮೇಷ್ಟ್ರು ಹೆಬ್ಬೆರಳಿನ ಬಟ್ಟೆಯನ್ನು ಹಲ್ಲಿನಿಂದ ಕಿತ್ತು ಎಸೆದು ಚುಕ್ಕೆಯ ಮೇಲೆ ಒತ್ತಿದ.

ಟಕ್.

ತರಬೇತಿಯಲ್ಲಿ ಕೇಳಿದ ಅದೇ ಸದ್ದು. ಅವನ ಕಣ್ಣಲ್ಲಿ ನೀರು ತುಂಬಿತು. ಸೂಜಿ ಹಿಡಿದಿದ್ದರಿಂದ ಒರೆಸಿಕೊಳ್ಳಲಾಗಲಿಲ್ಲ. ಕೈ ನಡುಗಲಿಲ್ಲ. ಆವತ್ತೂ ನಡುಗಿರಲಿಲ್ಲ ಎಂಬುದು ಅವನಿಗೆ ಆಗ ಖಚಿತವಾಯಿತು.

ತೊಡೆಗೆ ಚುಚ್ಚಿದ ಮೇಲೆ ಕಾದರು. ಹುಡುಗಿಯ ಎದೆ ಒಮ್ಮೆ ಜರ್ರನೆ ಎಳೆಯಿತು. ಮತ್ತೊಮ್ಮೆ. ಕಣ್ಣು ತೆರೆದವಳು ಖಾಕಿ ಕಂಡು ಹಿಂದಕ್ಕೆ ಗೋಡೆಗೆ ತೆವಳಿದಳು.

"ಹೆಸರು ಬರ್ಕೋಬೇಡಿ," ಎಂದಳು. ಅವಳ ಮೊದಲ ಮಾತು ಅದು.

ಬಂಧನದ ಸಮಯ ಹನ್ನೆರಡೂವರೆ ಎಂದು ದಾಖಲಾಯಿತು. ಕಿಟಕಿಯ ಮೇಲಿದ್ದ ನೀಲಿ ಉಗುರುಬಣ್ಣದ ಸೀಸೆ, ನೀರಿನ ಸೀಸೆಗಳು, ನೆನೆಸಿ ಬಿಡಿಸಿದ ಲೇಬಲ್ಲುಗಳು ಪಂಚನಾಮೆಯಲ್ಲಿ ಸೇರಿದವು. ಆಂಬುಲೆನ್ಸ್ ಮಗಳನ್ನು ಕರೆದೊಯ್ಯುವಾಗ ಅಪ್ಪನ ಕೈಗೆ ಬೇಡಿ ಬಿದ್ದಿತ್ತು. ಅವನು ಎರಡೂ ಕೈಯನ್ನು ಒಟ್ಟಿಗೆ ಎತ್ತಿ ಅವಳ ತಲೆ ಸವರಿದ.

ಅವನ ಹೇಳಿಕೆ ಉದ್ದವಾಗಿರಲಿಲ್ಲ. ಮಗಳಿಗೆ ಬಸ್ಸು ಅಪಘಾತದಲ್ಲಿ ಸೊಂಟ ಮುರಿದಿತ್ತು. ರಾತ್ರಿಯೆಲ್ಲ ನರಳುವುದನ್ನು ನೋಡಲಾಗದೆ ಸ್ಟೋರಿನ ನೋವಿನ ಇಂಜೆಕ್ಷನ್ ತಂದು ಮನೆಯಲ್ಲಿ ಚುಚ್ಚಿದ. ಮೂಳೆ ಕೂಡಿತು, ಚಟ ಉಳಿಯಿತು. ಇವನು ತರುವುದು ನಿಲ್ಲಿಸಿದಾಗ ಅವಳು ಹೊರಗೆ ಹುಡುಕಿಕೊಂಡಳು. ಬಾಗಿಲಿಗೆ ಬೀಗ ಹಾಕಿದರೆ ಕಿಟಕಿಯಿಂದ ಹಗ್ಗ ಇಳಿಬಿಟ್ಟು ಪೊಟ್ಟಣ ಎಳೆದುಕೊಂಡಳು.

"ಕೇಂದ್ರಕ್ಕೆ ಯಾಕೆ ಕರ್ಕೊಂಡು ಹೋಗ್ಲಿಲ್ಲ?" ಎಂದು ಕೇಳಿದಳು ಇನ್ಸ್‌ಪೆಕ್ಟರ್. "ಅಲ್ಲಿ ನೋಂದಾಯಿಸಿದ್ರೆ ಮನೆಗೆ ಈ ಔಷಧಿ ಅವರೇ ಕೊಡ್ತಾರೆ."

"ಮೂರು ಸಲ ಹೋಗಿದೀವಿ ಮೇಡಂ. ಮೂಲೆ ತಿರುಗೋವರೆಗೂ ಬರ್ತಾಳೆ. ಗೇಟಲ್ಲಿ ನಿಮ್ಮವರು ಹೆಸರು ಬರ್ಕೊಳ್ಳೋದು ಕಾಣುತ್ತೆ. ಅಪ್ಪ, ವಾಪಸ್ ಹೋಗೋಣ ಅಂತಾಳೆ. ಹೆಣ್ಣುಮಗಳು. ನಾಳೆ ಅವಳನ್ನ ಯಾರು ಏನಂತ ಕರೀತಾರೋ."

ಇನ್ಸ್‌ಪೆಕ್ಟರಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅದನ್ನು ತೋರಗೊಡದೆ ಕೇಳಿದಳು: "ವಾರ್ಡಿನ ಸೀಸೆ ಬಿಟ್ಟು ನಮ್ಮ ಪೆಟ್ಟಿಗೇದೇ ಯಾಕೆ ತೆಗೆದ್ರಿ?"

ಫಾರ್ಮಸಿಸ್ಟ್ ಮೊದಲ ಸಲ ಮುಖ ಎತ್ತಿ ನೋಡಿದ. ಅವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿದಂತಿತ್ತು.

"ವಾರ್ಡಿಂದು ತೆಗೆದ್ರೆ ಯಾರಾದ್ರೂ ಸಾಯ್ತಾರಲ್ಲ ಮೇಡಂ. ನಿಮ್ಮ ಪೆಟ್ಟಿಗೆ ಜೀಪಲ್ಲೇ ಧೂಳು ತಿನ್ನುತ್ತೆ, ಅವಧಿ ಮುಗಿದ ಮೇಲೆ ವಾಪಸ್ ಬರುತ್ತೆ ಅಂದ್ಕೊಂಡೆ." ಅವನ ಕಣ್ಣು ಬಾಗಿಲ ಬಳಿ ನಿಂತಿದ್ದ ಮೇಷ್ಟ್ರ ಮೇಲೆ ಹೋಯಿತು. "ಪುಡಿ ತಗೊಂಡು ಬಿದ್ದವನನ್ನ ಉಳಿಸೋಕೆ ಪೊಲೀಸರು ಓಡ್ತಾರೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಸಂಜೆ ಇನ್ಸ್‌ಪೆಕ್ಟರೂ ಮೇಷ್ಟ್ರೂ ಹೊಲಿಗೆಯವಳ ಮನೆಗೆ ಹೋದರು. ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು. ಅವಳು ಯಂತ್ರದ ಚಕ್ರದ ಮೇಲೆ ಕೈ ಇಟ್ಟುಕೊಂಡು ಕೇಳಿದಳು.

"ಅಸಲಿ ಔಷಧಿ ಇದ್ದಿದ್ರೆ ಬದುಕ್ತಿದ್ನಾ?"

"ಬದುಕೋ ಸಾಧ್ಯತೆ ಇತ್ತು," ಎಂದ ಮೇಷ್ಟ್ರು. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ.

ಹೊಲಿಗೆಯವಳು ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ನಿಲ್ಲಿಸಿದಳು. "ನೀವು ಊದ್ತಾ ಇದ್ರಿ. ನಾನು ನಿಮ್ಮ ಅಂಗಿ ಹಿಡಿದು ಎಳೀತಿದ್ದೆ, ಬಿಡಿ ಅವನನ್ನ ಅಂತ. ಹೊಲಿಗೆ ಬಿಟ್ಟುಹೋಗಿರಬೇಕು. ಆ ಅಂಗಿ ತಂದುಕೊಡಿ." ಆಮೇಲೆ ಕೇಳಿದಳು: "ಆ ಹುಡುಗಿ ಉಳೀತಾ?"

"ಉಳೀತು."

"ಹೂಂ," ಎಂದಳು. ಆ ಒಂದು ಅಕ್ಷರದಲ್ಲಿ ಏನೆಲ್ಲ ಇತ್ತೋ, ಇಬ್ಬರೂ ಕೇಳುವ ಧೈರ್ಯ ಮಾಡಲಿಲ್ಲ.

ನ್ಯಾಯಾಲಯ ಕೊಟ್ಟ ಕಸ್ಟಡಿಯ ಮೇಲೆ ಆರೋಪಿ ಇನ್ನೂ ಠಾಣೆಯ ಲಾಕಪ್ಪಿನಲ್ಲಿದ್ದಾಗಲೇ ಮಗಳನ್ನು ವಾರ್ಡಿನಿಂದ ಕೇಂದ್ರಕ್ಕೆ ಸೇರಿಸುವ ದಿನ ಬಂತು. ಗೇಟಿನ ಡ್ಯೂಟಿ ರದ್ದಾಗಿ ಕಾನ್‌ಸ್ಟೆಬಲ್ ಹೊರಟುಹೋಗಿದ್ದ. ಅವನ ಕುರ್ಚಿ ಮಾತ್ರ ಅಲ್ಲೇ ಉಳಿದಿತ್ತು. ಡಾಕ್ಟರ ಜೊತೆ ಮೂಲೆ ತಿರುಗಿದ ಹುಡುಗಿ ಅದನ್ನು ಕಂಡು ನಿಂತಳು. ಒಂದು ಹೆಜ್ಜೆಯೂ ಮುಂದಿಡಲಿಲ್ಲ. ರಸ್ತೆಯ ಆಚೆ ಸಾದಾ ಉಡುಪಿನಲ್ಲಿ ನಿಂತಿದ್ದ ಇನ್ಸ್‌ಪೆಕ್ಟರ್ ದಾಟಿ ಹೋಗಿ, ಕುರ್ಚಿಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು, ಯಾರ ಕಡೆಗೂ ನೋಡದೆ ನಡೆದುಬಿಟ್ಟಳು.

ಆ ಮಧ್ಯಾಹ್ನ ಲಾಕಪ್ಪಿನೊಳಗೆ ಫಾರ್ಮಸಿಸ್ಟ್ ಊಟದ ತಟ್ಟೆ ಮುಟ್ಟಿರಲಿಲ್ಲ. ಕಂಬಿ ಹಿಡಿದು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದ. ಮೇಷ್ಟ್ರು ತನ್ನ ಮೇಜಿನ ಬಳಿ ಕೂತು ಹೊಸಬಳು ಬರೆದ ಎಫ್‌ಐಆರ್ ಪ್ರತಿಯನ್ನು ಓದುತ್ತಿದ್ದ. ತನ್ನ ಮೇಲಿನ ಆ ದೂರಿನ ಒತ್ತಕ್ಷರಗಳನ್ನು ತಿದ್ದುವ ಆಸೆಯನ್ನು ತಡೆದುಕೊಂಡಿದ್ದ. ಗಡಿಯಾರದ ಕಡೆ ಒಮ್ಮೆ, ಕಂಬಿಯ ಕಡೆ ಒಮ್ಮೆ ನೋಡಿ ಜೇಬಿನಿಂದ ತನ್ನ ಮೊಬೈಲ್ ತೆಗೆದ. ನಂಬರ್ ಒತ್ತಿ ಕಿವಿಗಿಟ್ಟುಕೊಂಡ. ಕಾದ. ಏನೂ ಮಾತಾಡದೆ ಇಳಿಸಿದ.

ಎದ್ದು ಹೋಗಿ ಕಂಬಿಯ ಮುಂದೆ ನಿಂತ.

"ಕಟ್ ಮಾಡಿದ್ಲು," ಎಂದ.